ನಿಮ್ಮ ಹಕ್ಕಿ ಅವೆನ್ಯೂ ರಸ್ತೆಯಲ್ಲಿದೆ

ನಮಸ್ಕಾರ,

ಸುಟ್ಟು ಬೂದಿಯಾಗಿ ಮತ್ತೆ ಹುಟ್ಟುತ್ತದೆ ಎನ್ನುವ ಫೀನಿಕ್ಸ್ ಹಕ್ಕಿಯ ಬಗ್ಗೆ ನೀವು ಕಳಿಸಿದ ‘ಬೂದಿಯಿಂದ ಎದ್ದ ಹಕ್ಕಿ’ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಒಂದು ಸಾಲಿನ ಉತ್ತರ ಬರೆದು ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಕೊನೆಯ ಪುಟದ ಆರು ಸಾಲು ಅದಕ್ಕೆ ಕಾರಣ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನನ್ನ ತಕರಾರು. ಈಜಿಪ್ಟ್, ಗ್ರೀಸ್, ಚೀನಾ, ಶ್ರೀರಂಗಪಟ್ಟಣ ಎಲ್ಲವನ್ನೂ ಎಂಟೇ ಪುಟದಲ್ಲಿ ಸುತ್ತಿಬಿಟ್ಟಿದ್ದೀರಿ. ಹೋದಲ್ಲೆಲ್ಲ ಅದೇ ಹಕ್ಕಿ, ಅದೇ ಬೆಂಕಿ, ಅದೇ ಮರುಹುಟ್ಟು. ‘ಚೀನಾದ ಫೀನಿಕ್ಸ್ ಕೂಡ ಬೂದಿಯಿಂದ ಏಳುತ್ತದೆ’ ಎಂದು ಬರೆದಿದ್ದೀರಿ. ಅಲ್ಲಿನ ಹಕ್ಕಿಯ ಹೆಸರು ಫೆಂಗ್‌ಹುವಾಂಗ್. ಅದು ಸುಟ್ಟುಕೊಳ್ಳುವುದೂ ಇಲ್ಲ, ಬೂದಿಯಿಂದ ಏಳುವುದೂ ಇಲ್ಲ. ರಾಜ್ಯದಲ್ಲಿ ಒಳ್ಳೆಯ ಆಳ್ವಿಕೆ ಇದ್ದಾಗ ಕಾಣಿಸಿಕೊಳ್ಳುವ ಹಕ್ಕಿ ಅದು, ಮಹಾರಾಣಿಯ ಗುರುತು. ಅದಕ್ಕೆ ಫೀನಿಕ್ಸ್ ಎಂಬ ಹೆಸರು ಅಂಟಿಸಿದವರು ಪಶ್ಚಿಮದವರು.

ಟಿಪ್ಪುವಿನ ಸಿಂಹಾಸನದ ಮೇಲಿದ್ದದ್ದೂ ಫೀನಿಕ್ಸ್ ಅಲ್ಲ, ಪರ್ಷಿಯನ್ ಕಥೆಗಳ ಹಕ್ಕಿ ಹುಮಾ. ಅದರ ನೆರಳು ಯಾರ ತಲೆ ಮೇಲೆ ಬೀಳುತ್ತದೋ ಅವರು ರಾಜರಾಗುತ್ತಾರೆ ಎಂಬುದು ನಂಬಿಕೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಂಹಾಸನವನ್ನು ಒಡೆದರು. ಚಿನ್ನದ ಮೇಲೆ ಹರಳು ಕೂರಿಸಿದ ಆ ಹಕ್ಕಿ ಇಂಗ್ಲೆಂಡಿನ ರಾಜಮನೆತನದ ಪಾಲಾಯಿತು. ಇಷ್ಟು ದೊಡ್ಡ ಕಥೆಯನ್ನು ‘ಪುನರ್ಜನ್ಮದ ಸಂಕೇತ’ ಎಂಬ ಎರಡು ಪದದ ಕೆಳಗೆ ಮುಚ್ಚಿಬಿಟ್ಟಿರಲ್ಲ! ಓದುವಾಗ ಸಂಕಟ ಆಯ್ತು.

ಗ್ರೀಕರ ಇತಿಹಾಸಕಾರ ಹೆರೊಡೋಟಸ್‌ನನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. ಕ್ರಿಸ್ತಪೂರ್ವ 5ನೇ ಶತಮಾನದ ಆ ಮನುಷ್ಯ, ಫೀನಿಕ್ಸ್ ಹಕ್ಕಿಯನ್ನು ತಾನು ಚಿತ್ರದಲ್ಲಿ ಮಾತ್ರ ನೋಡಿದ್ದು ಎಂದು ಮೊದಲೇ ಹೇಳಿಬಿಡುತ್ತಾನೆ. ಕಥೆ ತನಗೆ ನಂಬಿಕೆ ಹುಟ್ಟಿಸಲಿಲ್ಲ ಎಂದೂ ಹೇಳುತ್ತಾನೆ. ಆಮೇಲೆ ಕೇಳಿದ್ದನ್ನು ಬಿಡಿಸಿ ಬಿಡಿಸಿ ಬರೆಯುತ್ತಾನೆ. 500 ವರ್ಷಕ್ಕೊಮ್ಮೆ, ತಂದೆ ಸತ್ತಾಗ, ಹಕ್ಕಿ ಅರೇಬಿಯಾದಿಂದ ಈಜಿಪ್ಟಿನ ಸೂರ್ಯ ದೇವಾಲಯಕ್ಕೆ ಬರುತ್ತದಂತೆ. ಮೊದಲು ಸುಗಂಧದ ಅಂಟಿನಿಂದ ಒಂದು ಮೊಟ್ಟೆ ಮಾಡುತ್ತದೆ. ಎತ್ತಲು ಆಗುತ್ತಾ ಎಂದು ಹಾರಿ ನೋಡುತ್ತದೆ. ಆಗುತ್ತದೆ ಎಂದಾದ ಮೇಲೆ ಅದನ್ನು ಕೊರೆದು, ಒಳಗೆ ತಂದೆಯನ್ನಿಟ್ಟು, ಅದೇ ಅಂಟಿನಿಂದ ಬಾಯಿ ಮುಚ್ಚುತ್ತದೆ. ಅಪ್ಪನ ಹೆಣ ಹೊರುವ ಮಗ ಅಲ್ವಾ ಇದು? ಇಲ್ಲಿ ಬೆಂಕಿಯೇ ಇಲ್ಲ. ಬೆಂಕಿ ಆಮೇಲೆ, ರೋಮನ್ನರ ಕಾಲದಲ್ಲಿ ಕಥೆಯೊಳಗೆ ಸೇರಿತು. ನಿಮ್ಮ ಪ್ರಬಂಧ ಪೂರ್ತಿ ಆ ಬೆಂಕಿಯ ಮೇಲೇ ನಿಂತಿದೆ.

ಇನ್ನು ನಮ್ಮ ಸಂಪಾತಿ ಎಲ್ಲಿ ಹೋದ? ಜಟಾಯುವಿನ ಅಣ್ಣ. ಸೂರ್ಯನ ಹತ್ತಿರ ಹಾರಿದಾಗ ತಮ್ಮನನ್ನು ರೆಕ್ಕೆಯಡಿ ಮುಚ್ಚಿಕೊಂಡು, ತನ್ನ ರೆಕ್ಕೆ ಸುಟ್ಟುಕೊಂಡವನು. ಎಷ್ಟೋ ಕಾಲ ಬೆಟ್ಟದಲ್ಲಿ ಬಿದ್ದಿದ್ದ. ಮಗ ಊಟ ತಂದು ಹಾಕುತ್ತಿದ್ದ. ಸೀತೆ ಎಲ್ಲಿದ್ದಾಳೆಂದು ಕಪಿಗಳಿಗೆ ತಿಳಿಸಿ, ಇನ್ನೂ ಮಾತಾಡುತ್ತಿರುವಾಗಲೇ ಅವನಿಗೆ ರೆಕ್ಕೆ ಮೂಡುತ್ತವೆ. ವಾಲ್ಮೀಕಿ ಅದರ ಬಣ್ಣವನ್ನೂ ಹೇಳುತ್ತಾನೆ, ಕೆಂಪು ಗರಿ. ಹಾರಲು ಬರುತ್ತಾ ನೋಡೋಣ ಎಂದು ಆ ಮುದಿ ಹದ್ದು ಬೆಟ್ಟದ ತುದಿಯಿಂದ ಜಿಗಿಯುತ್ತದೆ. ಇಂಥ ಹಕ್ಕಿಯನ್ನು ಮನೆಯಲ್ಲೇ ಇಟ್ಟುಕೊಂಡು ನೀವು ಊರೆಲ್ಲ ಹುಡುಕಿದ್ದೀರಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಮಾನವನ ಅದಮ್ಯ ಚೇತನ’ ನಾಲ್ಕು ಕಡೆ ಬಂದಿದೆ. ನಾಲ್ಕನ್ನೂ ತೆಗೆಯಿರಿ.

ಈಗ ಆ ಆರು ಸಾಲು. ಬೆಂಗಳೂರಿನ ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯಲ್ಲಿ ನಿಮ್ಮ ದೊಡ್ಡಪ್ಪನ ಬೈಂಡಿಂಗ್ ಅಂಗಡಿ ಒಂದು ರಾತ್ರಿ ಸುಟ್ಟುಹೋಯಿತು. ಬೆಳಿಗ್ಗೆ ಅವರು ಬೂದಿ ಕೆದಕಿ, ಸಾಲದ ಲೆಕ್ಕ ಬರೆದ ದಪ್ಪ ಪುಸ್ತಕವನ್ನು ಎತ್ತಿಕೊಂಡರು. ಅಂಚೆಲ್ಲ ಕರಿ, ನಡುವೆ ಹಾಳೆಗಳು ಬೆಳ್ಳಗೆ. ಬಿಗಿಯಾಗಿ ಹೊಲಿದ ಪುಸ್ತಕದ ಒಳಕ್ಕೆ ಗಾಳಿ ಹೋಗುವುದಿಲ್ಲ, ಬೆಂಕಿಯೂ ಹೋಗಲಿಲ್ಲ ಎಂದು ಬರೆದಿದ್ದೀರಿ. ಆ ಹೊಲಿಗೆ ಅವರದೇ ಕೈಯದು. ಇದನ್ನು ಓದಿ ಸ್ವಲ್ಪ ಹೊತ್ತು ಪುಟ ತಿರುಗಿಸದೆ ಕೂತಿದ್ದೆ.

ಪ್ರಬಂಧ ಇಲ್ಲಿಂದ ಶುರುವಾಗಲಿ. ಸಂಪಾತಿ ಇರಲಿ, ಅಪ್ಪನನ್ನು ಹೊತ್ತ ಹಕ್ಕಿಯೂ ಇರಲಿ. ಚೀನಾ ಬೇಡ. ಹುಮಾವನ್ನು ಬೇರೆ ಬರಹಕ್ಕೆ ಎತ್ತಿಡಿ. ನಾಲ್ಕು ಪುಟ ಸಾಕು. ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ.

ಬರೆಯುವ ಮೊದಲು ದೊಡ್ಡಪ್ಪನ ಹತ್ತಿರ ಒಂದು ಮಾತು ಕೇಳಿಕೊಂಡು ಬನ್ನಿ. ಅಂಗಡಿ ಸುಟ್ಟಿತು, ಲೆಕ್ಕವೂ ಹೋಗಿರುತ್ತದೆ ಎಂದುಕೊಂಡವರಲ್ಲಿ ಯಾರಾದರೂ ತಾವಾಗಿಯೇ ಬಂದು ಬಾಕಿ ಕೊಟ್ಟರಾ?