ಕೈಗೆ ತಕ್ಕ ಹಿಡಿ: ಪಿಸ್ತೂಲಿನ ಮರದ ಗ್ರಿಪ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹದಿನೈದು ವರ್ಷದ ನನ್ನ ಮಗಳು 10 ಮೀಟರ್ ಏರ್ ಪಿಸ್ತೂಲ್ ಕಲಿಯುತ್ತಿದ್ದಾಳೆ. ಕ್ಲಬ್ಬಿನ ಪಿಸ್ತೂಲಿನ ಗ್ರಿಪ್ ಅವಳ ಕೈಗೆ ದೊಡ್ಡದು. ಅರ್ಧ ಗಂಟೆಗೆಲ್ಲ ಹೆಬ್ಬೆರಳಿನ ಬುಡ ನೋಯುತ್ತದೆ. ಪರಿಚಯದ ಬಡಗಿಯೊಬ್ಬರು ಉಜ್ಜಿ ಸಣ್ಣದು ಮಾಡಿಕೊಡುತ್ತೇನೆ ಅಂತಾರೆ. ಕೊಡಬಹುದಾ? (ಧಾರವಾಡ)

ಉತ್ತರ: ಕ್ಲಬ್ಬಿನ ಗ್ರಿಪ್ಪಿಗೆ ಮಾತ್ರ ಅರ ಹಾಕಿಸಬೇಡಿ. ಅದನ್ನು ಬೇರೆ ಮಕ್ಕಳೂ ಹಿಡಿಯುತ್ತಾರೆ. ಈ ಪಿಸ್ತೂಲುಗಳಲ್ಲಿ ಗ್ರಿಪ್ ಸ್ಕ್ರೂ ಬಿಚ್ಚಿದರೆ ಕಳಚಿ ಬರುತ್ತದೆ, ಅದೇ ಮಾಡೆಲ್‌ಗೆ ಸಣ್ಣ ಅಳತೆಯದ್ದು ಬೇರೆ ಸಿಗುತ್ತದೆ. ಕೋಚ್‌ಗೆ ಹೇಳಿ ಅದೊಂದನ್ನು ನಿಮ್ಮದಾಗಿಯೇ ಕೊಂಡುಬಿಡಿ. ಅಭ್ಯಾಸಕ್ಕೆ ಹೋದಾಗ ಹಾಕಿಕೊಳ್ಳಲಿ, ಮುಗಿದ ಮೇಲೆ ಬಿಚ್ಚಿಕೊಂಡು ಬರಲಿ. ಬಡಗಿಯ ಹತ್ತಿರ ಹೋಗಬೇಕಾದ್ದು ಗ್ರಿಪ್ ಮಾತ್ರ, ಪಿಸ್ತೂಲ್ ಅಲ್ಲ.

ಇನ್ನು ಉಜ್ಜುವ ವಿಷಯ. ಇದನ್ನು ಬಡಗಿ ಒಬ್ಬರೇ ಕೂತು ಮಾಡೋಕಾಗಲ್ಲ, ಮಗಳು ಪಕ್ಕದಲ್ಲೇ ಇರಬೇಕು. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು, ರೇಂಜ್‌ನಲ್ಲಿ ಹಿಡಿಯುವ ಹಾಗೇ ಹಿಡಿದು ಬಿಡಲಿ. ಪುಡಿ ದಟ್ಟವಾಗಿ ಕೂತ ಕಡೆ ಮರ ಒತ್ತುತ್ತಿದೆ, ಅಲ್ಲಿ ಎರಡೇ ಎರಡು ಸಲ ಅರ ಆಡಿಸಿ ಮತ್ತೆ ಹಿಡಿಸಿ. ಪುಡಿಯೇ ಹತ್ತದ ಕಡೆ ಟೊಳ್ಳಿದೆ, ಅಲ್ಲಿ ಎಪಾಕ್ಸಿ ಅಂಟಿಗೆ ಮರದ ಹೊಟ್ಟು ಕಲಸಿ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿ. ಎಂ-ಸೀಲ್ ಆದರೂ ನಡೆಯುತ್ತದೆ. ಸುಮ್ನೆ ಒಂದೇ ದಿನದಲ್ಲಿ ಮುಗಿಸೋಣ ಅಂತ ಹೊರಡಬೇಡಿ, ಬೆಳಿಗ್ಗೆ ಸರಿಯಾಗಿದ್ದ ಗ್ರಿಪ್ ಸಂಜೆ ಸೆಕೆಗೆ ಕೈ ಊದಿಕೊಂಡಾಗ ಬಿಗಿಯಾಗುತ್ತದೆ.

ಸರಿಯಾಯ್ತಾ ಅಂತ ತಿಳಿಯೋಕೆ ಹೀಗೆ ಮಾಡಿ. ರೇಂಜ್‌ನಲ್ಲಿ, ಖಾಲಿ ಪಿಸ್ತೂಲ್ ಗುರಿಯ ಕಡೆಗೇ ಇರುವ ಹಾಗೆ ಕಣ್ಣು ಮುಚ್ಚಿ ಕೈ ಎತ್ತಲಿ, ಆಮೇಲೆ ಕಣ್ಣು ಬಿಡಲಿ. ಮುಂದಿನ ಸೈಟ್ (ಗುರಿ ನೋಡಲು ಪಿಸ್ತೂಲಿನ ಮೇಲಿರುವ ಪಟ್ಟಿ) ಹಿಂದಿನ ಸೈಟಿನ ಸಂದಿಯಲ್ಲಿ ನಡುವೆ ನಿಂತಿರಬೇಕು. ಪ್ರತಿ ಸಲ ಒಂದೇ ಕಡೆ ವಾಲಿದರೆ ಮಣಿಕಟ್ಟು ತಿರುಗಿಸಿ ಸರಿಮಾಡಿಕೊಳ್ಳೋದು ಬೇಡ, ಗ್ರಿಪ್ಪನ್ನೇ ತಿದ್ದಿ. ಎರಡು ಸೈಟ್‌ಗಳ ನಡುವೆ 340 ಮಿ.ಮೀ. ಇದೆ ಅಂದುಕೊಳ್ಳಿ. ಅಲ್ಲಿ 1 ಮಿ.ಮೀ. ತಪ್ಪಿದರೆ 10 ಮೀಟರ್ ಆಚೆ ಹೆಚ್ಚುಕಡಿಮೆ 3 ಸೆಂ.ಮೀ. ತಪ್ಪುತ್ತದೆ. ಗುರಿಯ ನಡುವೆ ಹತ್ತು ಅಂಕ ಸಿಗುವ ವೃತ್ತದ ಅಡ್ಡಗಲವೇ 11.5 ಮಿ.ಮೀ., ಹಾಗಾಗಿ ಪೆಲೆಟ್ (ಸಣ್ಣ ಗುಂಡು) ಏಳು ಅಂಕದ ವೃತ್ತಕ್ಕೆ ಹೋಗಿ ಬೀಳುತ್ತದೆ.

ತೋರುಬೆರಳು ಮರಕ್ಕೆ ತಾಗಲೇಬಾರದು. ತಾಗಿದರೆ ಟ್ರಿಗರ್ ಎಳೆಯುವಾಗ ಪಿಸ್ತೂಲೂ ಜೊತೆಗೆ ಸರಿಯುತ್ತದೆ. ಮಗಳ ಹೆಬ್ಬೆರಳು ನೋಯುತ್ತಿರುವುದೂ ನನಗನ್ನಿಸುವ ಹಾಗೆ ಇದಕ್ಕೇ: ಗ್ರಿಪ್ ದಪ್ಪ ಇದ್ದರೆ ಟ್ರಿಗರ್ ಮುಟ್ಟೋಕೆ ಕೈ ತಿರುಚಬೇಕು, ತಿರುಚಿದ ಕೈ ಜಾರದಿರಲಿ ಅಂತ ಹೆಬ್ಬೆರಳಿನಿಂದ ಅದುಮಬೇಕು. ನೋವು ಪೂರ್ತಿ ಹೋಗುವವರೆಗೂ ಅಭ್ಯಾಸದ ಹೊತ್ತು ಕಡಿಮೆ ಮಾಡಿಸಿ. ಮಗುವಿನ ಕೈಗಿಂತ ದೊಡ್ಡದು ಯಾವ ಪದಕವೂ ಅಲ್ಲ.

ಪ್ರಶ್ನೆ: ಮನೆಯಲ್ಲಿ ಹಳೇ ಬೀಟೆಯ ತುಂಡಿದೆ. ಅದರಿಂದಲೇ ಹೊಸ ಗ್ರಿಪ್ ಕೆತ್ತಬೇಕು ಅಂತ ಆಸೆ. (ಸಾಗರ)

ಉತ್ತರ: ಹಳೇ ಮನೆಯ ಮರ ಅಂದರೆ ಚೆನ್ನಾಗಿ ಒಣಗಿರುತ್ತದೆ, ಅದು ದೊಡ್ಡ ಅನುಕೂಲ. ಹಸಿ ಮರದಲ್ಲಿ ಕೆತ್ತಿದರೆ ಆಮೇಲೆ ಕುಗ್ಗಿ ಸ್ಕ್ರೂ ತೂತೇ ಜಾಗ ಬಿಡುತ್ತದೆ. ಆದರೆ ಬೀಟೆ ತೂಕದ ಮರ. ಯುರೋಪಿನ ತಯಾರಕರು ಹೆಚ್ಚಾಗಿ ಬಳಸುವ ಅಕ್ರೋಟಿಗಿಂತ ಕಾಲು ಭಾಗ ಜಾಸ್ತಿಯೇ ತೂಗುತ್ತದೆ. ಕೈಗೆ ಬಲವಿದ್ದರೆ ತೊಂದರೆಯಿಲ್ಲ. ಅದರ ಧೂಳು ಕೆಲವರಿಗೆ ಚರ್ಮದ ತುರಿಕೆ, ಸೀನು ತರಿಸುತ್ತದೆ, ಆದ್ದರಿಂದ ಮಾಸ್ಕ್ ಹಾಕದೆ ಉಜ್ಜಬೇಡಿ. ತೇಗ ಬಳಸುವವರೂ ಇದ್ದಾರೆ. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಎಪಾಕ್ಸಿ ಹಚ್ಚುವ ಮೊದಲು ಅಸಿಟೋನಿನಲ್ಲಿ ಒರೆಸಬೇಕು.

ಮರದ ಎಳೆ ಹಿಡಿಯ ಉದ್ದಕ್ಕೆ ಹೋಗಲಿ. ಅಂಗೈ ಕೂರುವ ಕೆಳಗಿನ ಶೆಲ್ಫನ್ನು ಒಂದೇ ತುಂಡಿನಲ್ಲಿ ಕೆತ್ತಿದರೆ ಎಳೆ ಅಡ್ಡ ಬಿದ್ದು ಮುರಿಯುತ್ತದೆ. ಅದನ್ನು ಬೇರೆ ಮಾಡಿ ಸ್ಕ್ರೂ ಹಾಕಿ, ಮೇಲೆ ಕೆಳಗೆ ಸರಿಸೋಕೂ ಆಗುತ್ತದೆ. ಹೊಳೆಯುವ ವಾರ್ನಿಷ್ ಬೇಡ, ಬೆವರಿದ ಕೈ ಜಾರುತ್ತದೆ. ಮೊನೆ ಪಂಚ್‌ನಿಂದ ಒತ್ತೊತ್ತಾಗಿ ಚುಕ್ಕೆ ಹೊಡೆದು, ತೆಳುವಾಗಿ ಅಗಸೆ ಎಣ್ಣೆ ಸವರಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಳಗೊಳಗೇ ಬಿಸಿಯಾಗಿ ತಾನಾಗೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ.

ಪ್ರಶ್ನೆ: ಅಜ್ಜನ ಕಾಲದ, ಲೈಸೆನ್ಸ್ ಇರುವ ರಿವಾಲ್ವರಿನ ಹಿಡಿಯ ಒಂದು ಮರದ ಪಟ್ಟಿ ಸೀಳಿದೆ. (ಮಡಿಕೇರಿ)

ಉತ್ತರ: ಸೀಳಿದ್ದನ್ನು ಎಸೆಯಬೇಡಿ, ಹೊಸದಕ್ಕೆ ಅದೇ ಅಚ್ಚು. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೇ ಕೊಡಿ. ಮರ ಕೂರಲಿಲ್ಲ ಅಂತ ಕಬ್ಬಿಣಕ್ಕೆ ಅರ ಹಾಕಲು ಬಿಡಬೇಡಿ, ಕೊರೆಯಬೇಕಾದ್ದು ಮರವನ್ನೇ.

ಪ್ರಶ್ನೆ: ಸ್ವಂತ ಗ್ರಿಪ್ ಹಾಕಿಕೊಂಡು ಸ್ಪರ್ಧೆಗೆ ಹೋದರೆ ಒಪ್ಪುತ್ತಾರಾ? (ಮಂಗಳೂರು)

ಉತ್ತರ: ನಿಯಮದೊಳಗೆ ಇದ್ದರೆ ಧಾರಾಳವಾಗಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಏರ್ ಪಿಸ್ತೂಲ್ 1500 ಗ್ರಾಂ ಮೀರಬಾರದು, 420, 200, 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು. ಮನೆಯಲ್ಲಿ ಕೆತ್ತಿದವರು ಸಿಕ್ಕಿಬೀಳುವುದು ಆ 50ರಲ್ಲಿ, ಯಾಕಂದ್ರೆ ಶೆಲ್ಫ್ ಅಗಲವಾಗಿದ್ದಷ್ಟೂ ಕೈಗೆ ಹಿತ ಅನ್ನಿಸುತ್ತದೆ. ಮಣಿಕಟ್ಟು ಪೂರ್ತಿ ಬಿಡುವಾಗಿ ಕಾಣಬೇಕು, ಗ್ರಿಪ್ ಕೈಯನ್ನು ಸುತ್ತುವರಿಯಬಾರದು, ಹೆಬ್ಬೆರಳು ಮೇಲಕ್ಕೆ ಸಲೀಸಾಗಿ ಏಳಬೇಕು. ಶೆಲ್ಫಿನ ಅಂಚು ಮೇಲಕ್ಕೆ ಬಾಗಿದ್ದರೂ ತಿರಸ್ಕರಿಸುತ್ತಾರೆ. ಪ್ಲೈವುಡ್ಡಿನಲ್ಲಿ ಇದೇ ಒಳ ಅಳತೆಯ ಪೆಟ್ಟಿಗೆ ಮಾಡಿಟ್ಟುಕೊಳ್ಳಿ, ಪ್ರತಿ ಸಲ ಎಪಾಕ್ಸಿ ಮೆತ್ತಿದ ಮೇಲೂ ಪಿಸ್ತೂಲನ್ನು ಅದರಲ್ಲಿ ಮಲಗಿಸಿ ನೋಡಿ.