ಪಾಠ ಅರ್ಥವಾಗುತ್ತೆ, ಬಾಯಿ ಮಾತ್ರ ತೆರೆಯಲ್ಲ

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಬಿ.ಎ. ಮೊದಲ ವರ್ಷದಲ್ಲಿ 68 ಮಂದಿ ಇದ್ದಾರೆ, ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. ಸಾಲು ಸಾಲು ಓದಿ ಕನ್ನಡದಲ್ಲಿ ಅರ್ಥ ಹೇಳಿದರೆ ತಲೆಯಾಡಿಸುತ್ತಾರೆ. ಗ್ರಾಮರ್ ಕೊಟ್ಟರೆ ಬಿಟ್ಟ ಸ್ಥಳ ತುಂಬುತ್ತಾರೆ. ಎದ್ದು ನಿಂತು ಎರಡು ವಾಕ್ಯ ಮಾತಾಡಿ ಅಂದರೆ ತಲೆ ತಗ್ಗಿಸುತ್ತಾರೆ. ಕ್ಲಾಸಿನಲ್ಲಿ ಕನ್ನಡ ನಿಲ್ಲಿಸಿಬಿಡಿ, ಇಂಗ್ಲಿಷ್ ತಾನಾಗಿ ಬರುತ್ತೆ ಅಂತಾರೆ ಹಿರಿಯ ಸಹೋದ್ಯೋಗಿಯೊಬ್ಬರು. ಅದು ಸರಿಯಾ ಸರ್?

ಉತ್ತರ: ಮೊದಲು ಒಂದು ಲೆಕ್ಕ ಮಾಡೋಣ ಮೇಡಂ. ಒಂದು ಗಂಟೆಯ ಕ್ಲಾಸು ಅಂತಿಟ್ಟುಕೊಳ್ಳಿ. ಹಾಜರಿಗೆ 5 ನಿಮಿಷ, ನಿಮ್ಮ ಪಾಠಕ್ಕೆ 35 ನಿಮಿಷ. ಉಳಿದ 20 ನಿಮಿಷವನ್ನು 68 ಜನಕ್ಕೆ ಹಂಚಿದರೆ ಒಬ್ಬರಿಗೆ 18 ಸೆಕೆಂಡೂ ಸಿಗಲ್ಲ. ಅದೂ ಎಲ್ಲರ ಎದುರು ಎದ್ದು ನಿಂತು. ಅವರಿಗೆ ಮಾತಿನ ಸರದಿಯೇ ಸಿಕ್ಕಿಲ್ಲ, ಇನ್ನು ಮಾತು ಎಲ್ಲಿಂದ ಬರಬೇಕು?

ಕಾಗದದ ಮೇಲೆ ಇಂಗ್ಲಿಷ್ ಅವರಿಗೆ ಎರಡನೇ ಭಾಷೆ. ಆದರೆ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಎಲ್ಲೂ ಅದು ಕಿವಿಗೆ ಬೀಳಲ್ಲ ಅಂದಮೇಲೆ ಪರದೇಶದ ಭಾಷೆಯೇ ಅಲ್ವಾ? ಹಾಗಾಗಿ ಜಪಾನಿನಂಥ ಕಡೆ ಕಾಲೇಜು ಹುಡುಗರಿಗೆ ಹೊಂದುವ ವಿಧಾನ ನಮಗೂ ಒಗ್ಗುತ್ತೆ.

ನನಗೆ ಜಾಸ್ತಿ ಇಷ್ಟವಾದದ್ದು 4-3-2 ಅನ್ನುವ ಕ್ರಮ. ನ್ಯೂಜಿಲೆಂಡಿನ ಭಾಷಾ ಬೋಧನೆಯ ವಿದ್ವಾಂಸ ಪಾಲ್ ನೇಷನ್ ಅವರ ಬರಹಗಳಿಂದ ಅದು ಬಹಳ ಕಡೆ ಹಬ್ಬಿತು. ಒಂದೇ ವಿಷಯವನ್ನು ಮೂರು ಸಲ, ಮೂವರು ಬೇರೆ ಬೇರೆಯವರಿಗೆ ಹೇಳೋದು. ಮೊದಲು 4 ನಿಮಿಷ, ಆಮೇಲೆ 3, ಕೊನೆಗೆ 2. ನಿಮ್ಮ ಕ್ಲಾಸಿಗೆ ಅಷ್ಟು ಬೇಡ. 2 ನಿಮಿಷ, ಒಂದೂವರೆ, 1 ಸಾಕು. ಅರ್ಧ ಜನ ಮಾತಾಡಲಿ, ಅರ್ಧ ಜನ ಕೇಳಲಿ. ಪ್ರತಿ ಸುತ್ತಿಗೆ ಕೇಳುವವರು ಒಂದು ಬೆಂಚು ಹಿಂದಕ್ಕೆ ಸರಿಯಲಿ. ನಂತರ ಪಾತ್ರ ಅದಲುಬದಲು. ಎಲ್ಲ ಸೇರಿ 9 ನಿಮಿಷದ ಕೆಲಸ, ಒಬ್ಬೊಬ್ಬರಿಗೂ ನಾಲ್ಕೂವರೆ ನಿಮಿಷದ ಮಾತು. ಆ 18 ಸೆಕೆಂಡ್ ಎಲ್ಲಿ, ಇದೆಲ್ಲಿ!

ವಿಷಯ ಅವರಿಗೆ ಗೊತ್ತಿರೋದೇ ಆಗಿರಲಿ. ಊರ ಜಾತ್ರೆ, ಇಲ್ಲವೇ ಬೆಳಿಗ್ಗೆ ಎದ್ದು ಕಾಲೇಜು ಸೇರುವ ಕಥೆ. ಮೊದಲ ಸಲ ತಡವರಿಸುತ್ತಾರೆ. ಮೂರನೇ ಸಲ ಹೊತ್ತಿಗೆ ಪದ ಹುಡುಕುವ ಕಷ್ಟ ಅರ್ಧ ಇಳಿದಿರುತ್ತೆ, ಯಾಕಂದರೆ ಏನು ಹೇಳಬೇಕು ಅನ್ನುವ ಚಿಂತೆ ಇರಲ್ಲ.

ಗಲಾಟೆ ಆಗುತ್ತೆ, ಹೇಳಿಬಿಡ್ತೀನಿ. 34 ಗಂಟಲು ಒಟ್ಟಿಗೆ! ನಾನು ಮೊದಲ ಸಲ ಮಾಡಿಸಿದಾಗ, ಕ್ಲಾಸಿನಲ್ಲಿ ಮೇಷ್ಟ್ರೇ ಇಲ್ಲ ಅಂದುಕೊಂಡು ಪ್ರಿನ್ಸಿಪಾಲರು ಬಾಗಿಲಿಗೆ ಬಂದು ನಿಂತಿದ್ದರು. ಪಕ್ಕದ ಕೋಣೆಯವರಿಗೆ ಮೊದಲೇ ಒಂದು ಮಾತು ಹಾಕಿರಿ.

ಇನ್ನು ಕನ್ನಡದ ವಿಷಯ. ನಿಮ್ಮ ಸಹೋದ್ಯೋಗಿಯ ಮಾತು ನನಗೆ ಒಪ್ಪಿಗೆಯಿಲ್ಲ. ಮಾತಾಡುವ ಮುಂಚೆ ಮೂರು ನಿಮಿಷ ಪಕ್ಕದವರ ಜೊತೆ ಕನ್ನಡದಲ್ಲೇ ಯೋಚಿಸಿಕೊಳ್ಳಲು ಬಿಡಿ. ಮಾತಾಡುವಾಗ ಮಾತ್ರ ಇಂಗ್ಲಿಷ್. ನಡುವೆ ಯಾರನ್ನೂ ತಿದ್ದಬೇಡಿ. ಸುಮ್ನೆ ಓಡಾಡುತ್ತಾ ನಾಲ್ಕೈದು ತಪ್ಪು ಗುರುತು ಹಾಕಿಕೊಳ್ಳಿ, ಆಮೇಲೆ ಹೆಸರು ಹೇಳದೆ ಬೋರ್ಡಿನ ಮೇಲೆ ಬರೆಯಿರಿ. 'ಯೆಸ್ಟರ್‌ಡೇ ಓನ್ಲಿ ಐ ಕೇಮ್' ಪಕ್ಕದಲ್ಲಿ 'ನಿನ್ನೆನೇ ಬಂದೆ' ಅಂತ ಬರೆದು ನೋಡಿ. ಆ 'ಓನ್ಲಿ' ಎಲ್ಲಿಂದ ಬಂತು ಅಂತ ನಗುತ್ತಾ ಅವರೇ ಹೇಳುತ್ತಾರೆ.

ಪಠ್ಯದ ಪಾಠಕ್ಕೆ ಡಿಕ್ಟೋಗ್ಲಾಸ್ ಮಾಡಿಸಿ. ಹೆಸರು ಭಾರಿ, ಕೆಲಸ ಸುಲಭ. ಪಾಠದ ನಾಲ್ಕೈದು ವಾಕ್ಯ ಆರಿಸಿ, ಮಾಮೂಲಿ ವೇಗದಲ್ಲಿ ಎರಡು ಸಲ ಓದಿ. ಮೊದಲ ಸಲ ಪೆನ್ನು ಕೆಳಗಿರಲಿ. ಎರಡನೇ ಸಲ ಮುಖ್ಯ ಪದಗಳನ್ನಷ್ಟೇ ಗೀಚಿಕೊಳ್ಳಲಿ. ಆಮೇಲೆ ನಾಲ್ಕು ನಾಲ್ಕು ಜನ ಸೇರಿ ಆ ಭಾಗವನ್ನು ಮತ್ತೆ ಕಟ್ಟಬೇಕು. ನೀವು 'ದೇರ್ ಈಸ್ ಎ ಟ್ಯಾಂಕ್ ನಿಯರ್ ಅವರ್ ವಿಲೇಜ್' ಅಂತ ಓದಿದರೆ, ಯಾವುದೋ ಗುಂಪು 'ಟ್ಯಾಂಕ್ ಈಸ್ ದೇರ್ ನಿಯರ್ ವಿಲೇಜ್' ಅಂತ ಬರೆಯುತ್ತೆ. ಅದು ನಮ್ಮ 'ಕೆರೆ ಇದೆ'. ಕಳೆದುಹೋದ 'ಎ' ಬಗ್ಗೆ ಅರ್ಧ ಗಂಟೆ ಗ್ರಾಮರ್ ಹೇಳಿದ್ದಕ್ಕಿಂತ, ಮೂಲದ ಜೊತೆ ಇಟ್ಟು ತಾವೇ ಹುಡುಕಿದರೆ ಜಾಸ್ತಿ ನೆನಪಿರುತ್ತೆ.

ಸಿಲೆಬಸ್ ಮುಗಿಸೋದು ಹೇಗೆ ಅಂತ ಕೇಳ್ತೀರಿ. ಎಲ್ಲ ಪಾಠವನ್ನೂ ಸಾಲು ಸಾಲು ಓದಬೇಕಾಗಿಲ್ಲ ಮೇಡಂ. ಎರಡು ಪುಟ ಮನೆಯಲ್ಲಿ ಓದಿ ಬರಲಿ. ವಾರಕ್ಕೆ ಒಂದೇ ಪಿರಿಯಡ್ ಈ ಚಟುವಟಿಕೆಗಳಿಗೆ ಎತ್ತಿಡಿ.

ಜಾತ್ರೆಯ ಬಗ್ಗೆ ಮಾತಾಡುವುದೂ ಕಷ್ಟ ಅನ್ನಿಸಿದರೆ ಇನ್ನೂ ಕೆಳಗಿನಿಂದ ಶುರು ಮಾಡಿ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ಇಂಗ್ಲಿಷ್ ಕಲಿಸುವ ಒಂದು ಪ್ರಯೋಗ ನಡೆಯಿತು. ಹೊರದೇಶದ ಇಂಗ್ಲಿಷ್ ಮೇಷ್ಟ್ರುಗಳೂ ಅದನ್ನು 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಕರೀತಾರೆ. ಗ್ರಾಮರ್ ಪಟ್ಟಿಯ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಇಟ್ಟುಕೊಂಡು ಸಮಸ್ಯೆ ಬಿಡಿಸೋದು. ಒಂದನ್ನು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಬಿಡಿಸುತ್ತಿದ್ದರು, ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ. ನಿಮ್ಮೂರ ಬಸ್ ಸ್ಟ್ಯಾಂಡಿನ ವೇಳಾಪಟ್ಟಿಯ ಫೋಟೊ ಹೊಡೆದುಕೊಂಡು ಬನ್ನಿ. ಬೆಳಿಗ್ಗೆ 10ಕ್ಕೆ ಧಾರವಾಡದಲ್ಲಿ ಇಂಟರ್‌ವ್ಯೂ ಇದೆ, ಯಾವ ಬಸ್ಸು ಹಿಡಿಯಬೇಕು, ಯಾಕೆ? ಉತ್ತರಕ್ಕೆ 'ಬಿಕಾಸ್' ಸೇರಿಸಿದ ಒಂದು ವಾಕ್ಯ ಬೇಕು. ಅದನ್ನು ಹೇಳಲು ಹಿಂದಿನ ಬೆಂಚಿನಿಂದಲೂ ಒಂದು ಕೈ ಎದ್ದೇಳುತ್ತೆ.