ಗ್ರೀನ್ ಕಾರ್ಡ್ ಬರಲಿ ಅಂತ ಸುಮ್ಮನಿರಬೇಕೆ?

ದಾವಣಗೆರೆಯಿಂದ ಎಚ್‌ಒನ್‌ಬಿ ಎಂಬ ಕೆಲಸದ ವೀಸಾ ಮೇಲೆ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಬಂದಿದ್ದೀರಿ. ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲರೆದುರು "ಇಂಗ್ಲಿಷ್ ಬರುವವರು ಯಾರಾದರೂ ಪ್ರೆಸೆಂಟ್ ಮಾಡಿ" ಎಂದು ನಕ್ಕರು. ರೂಮ್‌ಮೇಟ್ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಬರೋವರೆಗೆ ಬಾಯಿ ಮುಚ್ಕೊಂಡಿರು ಅಂತಾರೆ. ಏನು ಮಾಡಲಿ ಎಂದು ಕೇಳಿದ್ದೀರಿ. ಊರಿನ ಅಕ್ಕಿ ಎಲ್ಲಿ ಸಿಗುತ್ತದೆ, ಕಾರು ಬೇಕೇ ಎಂದು ಜೊತೆಗೇ ಕೇಳಿದ ಪ್ರಶ್ನೆಗಳು ಸಣ್ಣವು: ಸೋನಾಮಸೂರಿ ಪಕ್ಕದ ಇರ್ವಿಂಗ್‌ನಲ್ಲಿ ಸಿಗುತ್ತದೆ, ಕಾರಿಲ್ಲದೆ ಅಲ್ಲಿ ಆಗುವುದಿಲ್ಲ.

ನಾನು ಬಂದ ಹೊಸದರಲ್ಲಿ ಸಿಕ್ಕ ಸಲಹೆಯೂ ನಿಮ್ಮ ರೂಮ್‌ಮೇಟ್ ಹೇಳಿದ್ದೇ. ಭಾರತದಲ್ಲಿ ಹುಟ್ಟಿದ ಉದ್ಯೋಗಿಗಳ ಗ್ರೀನ್ ಕಾರ್ಡ್ ಸಾಲು ಹತ್ತು ವರ್ಷ ದಾಟುತ್ತದೆ. ಅಷ್ಟು ಕಾಲ ನುಂಗಿಕೊಂಡವರಿಗೆ ಆಮೇಲೆ ದನಿ ತಾನಾಗಿ ವಾಪಸ್ ಬರುತ್ತದೆಂದು ನಾನು ನಂಬುವುದಿಲ್ಲ.

ಇವತ್ತೇ ಬರೆದಿಡಿ. ತಾರೀಖು, ಹೊತ್ತು, ಯಾರ‍್ಯಾರಿದ್ದರು, ಅವರ ಬಾಯಿಂದ ಬಂದ ಇಂಗ್ಲಿಷ್ ಮಾತು ಅಕ್ಷರಶಃ. ನಿಮ್ಮದೇ ನೋಟ್‌ಬುಕ್ಕಿನಲ್ಲಿ, ಆಫೀಸ್ ಲ್ಯಾಪ್‌ಟಾಪಿನಲ್ಲಿ ಬೇಡ. ಕೆಲಸದಿಂದ ತೆಗೆದ ಕ್ಷಣ ಅದು ಲಾಕ್ ಆಗುತ್ತದೆ. ಹಾಗಂತ ಕಂಪನಿಯ ಕಡತಗಳನ್ನು ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ, ಅದೇ ನಿಮ್ಮನ್ನು ತೆಗೆಯಲು ನೆಪವಾದೀತು. ರೆಕಾರ್ಡಿಂಗೂ ಬೇಡ. ನೀವಿರುವ ಮಾತುಕತೆಯನ್ನು ರೆಕಾರ್ಡ್ ಮಾಡಲು ಟೆಕ್ಸಾಸ್ ಕಾನೂನು ಬಿಡುತ್ತದೆ, ಆದರೆ ಕಾಲ್‌ನಲ್ಲಿ ಕ್ಯಾಲಿಫೋರ್ನಿಯಾದವರಿದ್ದರೆ ಅಲ್ಲಿನ ಕಾನೂನು ಎಲ್ಲರ ಒಪ್ಪಿಗೆ ಕೇಳುತ್ತದೆ.

ಒಂದು ಚುಚ್ಚುಮಾತಿಗೆ ಕೇಸು ನಿಲ್ಲುವುದು ಕಷ್ಟ. ಅದು ಮತ್ತೆ ಮತ್ತೆ ಬಂದರೆ, ಅಥವಾ ಅದರ ಬೆನ್ನಿಗೆ ನಿಮ್ಮ ಕೆಲಸ ಇನ್ನೊಬ್ಬರ ಪಾಲಾದರೆ, ರಿವ್ಯೂ ಕುಸಿದರೆ, ಲೆಕ್ಕ ಬದಲಾಗುತ್ತದೆ. ಉಚ್ಚಾರಣೆಯ ನೆಪದಲ್ಲಿ ಯಾರನ್ನಾದರೂ ಹಿಂದೆ ಸರಿಸಬೇಕಾದರೆ ಅದರಿಂದ ಕೆಲಸಕ್ಕೆ ನಿಜವಾಗಿಯೂ ಅಡ್ಡಿಯಾಗುತ್ತಿರಬೇಕು. ಹಾಗಾಗಿ ನೀವು ಈವರೆಗೆ ಕೊಟ್ಟ ಪ್ರೆಸೆಂಟೇಶನ್‌ಗಳು, ಗ್ರಾಹಕರ ಮೆಚ್ಚುಗೆ, ಎಲ್ಲದರ ತಾರೀಖನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.

ಎಚ್‌ಆರ್‌ಗೆ ಬರೆಯುವಾಗ ನಮ್ಮವರು ಎಡವುವುದು ಇಲ್ಲಿ: "ನನಗೆ ಅನ್ಯಾಯವಾಗಿದೆ, ಬೇಸರವಾಗಿದೆ" ಎನ್ನುತ್ತಾರೆ. ಅದು ಸಾಲದು. "ನ್ಯಾಷನಲ್ ಒರಿಜಿನ್" (ಮೂಲ ದೇಶ) ಅಥವಾ "ರೇಸ್" (ಜನಾಂಗ) ಕಾರಣದ ತಾರತಮ್ಯ ಎಂದು ಬಿಡಿಸಿ ಬರೆಯಿರಿ. ದೂರು ಕೊಟ್ಟದ್ದಕ್ಕೆ ಸೇಡು ತೀರಿಸಿಕೊಳ್ಳಬಾರದೆಂಬ ಕಾನೂನಿನ ರಕ್ಷಣೆ ತಾರತಮ್ಯದ ದೂರಿಗೆ ಉಂಟು, ಬರಿಯ ಗೋಳಿಗೆ ಇಲ್ಲ. ಐದಾರು ಸಾಲು ಸಾಕು. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಎಂದು ಶುರುಮಾಡುವ ನಮ್ಮ ಊರಿನ ರೂಢಿ ಅಲ್ಲಿ ಬೇಡ.

ಇನ್ನು ಗಡುವು. ತಾರತಮ್ಯದ ದೂರು ಕೊಡಲು ರಾಜ್ಯದ ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್‌ಗೆ ಘಟನೆಯಿಂದ 180 ದಿನ, ಕೆಲಸದಲ್ಲಿನ ತಾರತಮ್ಯ ನೋಡುವ ಕೇಂದ್ರದ ಆಯೋಗ ಇಇಒಸಿಗೆ 300 ದಿನ. ಎಚ್‌ಆರ್ ವಿಚಾರಣೆ ನಡೆಯುತ್ತಿದೆ ಅಂತ ಈ ಎಣಿಕೆ ನಿಲ್ಲುವುದಿಲ್ಲ. ನೋಡೋಣ, ಮಾಡೋಣ ಎನ್ನುತ್ತಲೇ ದಿನ ಕಳೆದುಹೋಗುತ್ತದೆ. 180 ಎಂದೇ ಹಿಡಿಯಿರಿ. ದೂರಿಗೆ ಫೀಸಿಲ್ಲ, ವಕೀಲರು ಕಡ್ಡಾಯವಲ್ಲ, ವೀಸಾದಲ್ಲಿರುವವರಿಗೂ ಹಕ್ಕಿದೆ. ಕಂಪನಿಯಲ್ಲಿ ಕನಿಷ್ಠ 15 ನೌಕರರಿರಬೇಕು. ಇಇಒಸಿ ಮೊಕದ್ದಮೆಗೆ ಅನುಮತಿ ಪತ್ರ ಕೊಟ್ಟರೆ ಕೋರ್ಟಿಗೆ ಹೋಗಲು 90 ದಿನ.

ನಿಮ್ಮ ಹೆದರಿಕೆ ಸುಳ್ಳಲ್ಲ. ಕೆಲಸ ಹೋದರೆ ವೀಸಾಕ್ಕೆ ಅರ್ಜಿ ಹಾಕುವ ಇನ್ನೊಂದು ಕಂಪನಿಯನ್ನು (ಸ್ಪಾನ್ಸರ್) ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಆದ್ದರಿಂದ ದೂರಿಗೆ ಮೊದಲೇ ಮೂರು ತಿಂಗಳ ಬಾಡಿಗೆ ಕೈಯಲ್ಲಿರಲಿ. ವೀಸಾ ಮಂಜೂರಾತಿ ಪತ್ರ, ಪೇಸ್ಲಿಪ್ಪುಗಳ ಪ್ರತಿ ಮನೆಯಲ್ಲಿರಲಿ. ಹಣ ಕೊಟ್ಟು ಕಳಿಸುವ ಒಪ್ಪಂದಕ್ಕೆ ನಿಂತಲ್ಲೇ ಸಹಿ ಹಾಕಬೇಡಿ, ಮೊಕದ್ದಮೆಯ ಹಕ್ಕು ಅದರಲ್ಲೇ ಹೋಗಿರುತ್ತದೆ.

ನನಗೆ ಇಂದಿಗೂ ನೋಯುವುದು ಬೇರೆ ವಿಷಯ. ನಾವು ಕರಿಯರಂತಲ್ಲ, ಓದಿ ಬಂದವರು ಎಂಬ ವಿನಾಯಿತಿ ನಮ್ಮವರಿಗೆ ಬಲು ಇಷ್ಟ. ಆದರೆ ನಮಗೂ ಬಾಗಿಲು ಮುಚ್ಚಿಯೇ ಇತ್ತು: ಅಮೆರಿಕದ 1946ರ ಕಾನೂನು ಇಡೀ ಭಾರತಕ್ಕೆ ಕೊಟ್ಟ ವಲಸೆ ಕೋಟಾ ವರ್ಷಕ್ಕೆ 100 ಜನ. ನೀವೀಗ ದೂರು ಕೊಡಲು ಹಿಡಿಯುವ 1964ರ ನಾಗರಿಕ ಹಕ್ಕುಗಳ ಕಾನೂನು ಬಂದದ್ದು ಕರಿಯರು ಬೀದಿಗಿಳಿದು ಏಟು ತಿಂದದ್ದರಿಂದ. ಆ ಹೋರಾಟದ ಅಲೆಯಲ್ಲೇ ಮರುವರ್ಷ ಹೊಸ ವಲಸೆ ಕಾನೂನು ಬಂದು ನಮಗೆ ಬಾಗಿಲು ತೆರೆಯಿತು. ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಟಿಕೆಟ್ ಕಲೆಕ್ಟರ್ ಅವರಿಗೆ ಬಿಳಿಯರ ಡಬ್ಬಿಯಿಂದ ಏಳಲು ಹೇಳಿದ. ಯಾವ ದೇಶದವರು ಎಂದೂ ಕೇಳಿದ. ಪರದೇಶದವಳೆಂದು ಪಾರಾಗಬಹುದಿತ್ತು. ಆಕೆ ತಾನೂ ಬಣ್ಣದ ಹೆಂಗಸೇ, ಏಳುವುದಿಲ್ಲ ಎಂದು ಕೂತರು. ಕರಿಯ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗಾಗಿ ಸೀಟು ಬಿಟ್ಟು ಏಳಲೊಪ್ಪದ್ದು ಇದಾಗಿ 14 ವರ್ಷಕ್ಕೆ. ಕಮಲಾದೇವಿಯ ನಾಡಿನವರು ನಾವು, ಪಾಟ್‌ಲಕ್‌ನಲ್ಲಿ (ಎಲ್ಲರೂ ಅಡುಗೆ ತಂದು ಹಂಚಿಕೊಳ್ಳುವ ಊಟದಲ್ಲಿ) ಅಡ್ಡಹೆಸರು ಕೇಳಿ ಜಾತಿ ಅಳೆಯುತ್ತೇವೆ. ಜಾತಿ ತಾರತಮ್ಯ ತಡೆಯಲು ಸಿಯಾಟಲ್ ನಗರ 2023ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ನಿಮ್ಮ ತಂಡದ ಕರಿಯ ಸಹೋದ್ಯೋಗಿಗೆ ಇಂಥದೇ ಮಾತು ಬಿದ್ದರೆ ಸಾಕ್ಷಿಯಾಗಿ ನಿಮ್ಮ ಹೆಸರು ಬರೆಸಿ.

ಮುಂದಿನ ಮೀಟಿಂಗಿಗೆ ಒಂದೇ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: "ಇದನ್ನು ತಯಾರಿಸಿದ್ದು ನಾನು, ನಾನೇ ಪ್ರೆಸೆಂಟ್ ಮಾಡುತ್ತೇನೆ." ದಾವಣಗೆರೆ ಇಂಗ್ಲಿಷಿನಲ್ಲೇ ಹೇಳಿ, ನಗಬೇಡಿ, ಸಾರಿ ಅನ್ನಬೇಡಿ. ಅವರು ಏನು ಉತ್ತರ ಕೊಟ್ಟರೆಂದು ಅಂದೇ ಸಂಜೆ ಬರೆದುಕೊಳ್ಳಿ. ಎಚ್‌ಆರ್ ಮೇಲ್ ಕಳಿಸುವ ಮುನ್ನ ಕರಡು ನನಗೆ ತೋರಿಸಿ.